ಇಂಗ್ಲಿಷ್ ತರಗತಿಯಲ್ಲಿ ಡಿಜಿಟಲ್ ಸಾಧನಗಳು: ಮಕ್ಕಳು ನೋಡಿ ಸುಮ್ಮನಾಗದೆ ಮಾತಾಡುವಂತೆ ಮಾಡುವ ಕ್ರಮ

ವೀಡಿಯೊ ಹಾಕಿದಾಗ ಮಕ್ಕಳು ಕಣ್ಣರಳಿಸಿ ನೋಡುತ್ತಾರೆ. ಮಾರನೆಯ ದಿನ ಅದರಲ್ಲಿದ್ದ ಒಂದೇ ಒಂದು ವಾಕ್ಯ ಹೇಳಿ ಎಂದರೆ ಇಡೀ ತರಗತಿ ಮೌನ. ಪ್ರೊಜೆಕ್ಟರ್, ಸ್ಪೀಕರ್, ಆಪ್ ಎಲ್ಲ ಇದ್ದೂ ಹೆಚ್ಚಿನ ಶಿಕ್ಷಕರು ಸೋಲುವುದು ಇಲ್ಲಿಯೇ. ಸೋಲಿಗೆ ಕಾರಣ ಬಹುತೇಕ ಒಂದೇ: ಮೊದಲು ಆಪ್ ಹುಡುಕುತ್ತಾರೆ, ಆಮೇಲೆ ಅದಕ್ಕೊಂದು ಪಾಠ ಹೊಂದಿಸುತ್ತಾರೆ. ಆಗ ಪಿರಿಯಡ್ ಪೂರ್ತಿ ಯಂತ್ರ ಮಾತಾಡುತ್ತದೆ, ಮಕ್ಕಳ ಬಾಯಿ ಮುಚ್ಚಿರುತ್ತದೆ.

ಒಂದು ಲ್ಯಾಪ್‌ಟಾಪ್ ಅಥವಾ ಫೋನ್, ಒಂದು ಪರದೆ, ಒಂದು ಸ್ಪೀಕರ್, 40ರ ಆಸುಪಾಸಿನಲ್ಲಿ ಮಕ್ಕಳು, 40 ನಿಮಿಷದ ಪಿರಿಯಡ್. ಇಷ್ಟನ್ನೇ ಲೆಕ್ಕಕ್ಕಿಟ್ಟುಕೊಂಡು ಮುಂದಿನ ಹಂತಗಳನ್ನು ಬರೆದಿದೆ. ಪ್ರತಿ ಮಗುವಿನ ಕೈಯಲ್ಲೂ ಟ್ಯಾಬ್ಲೆಟ್ ಇರುವ ಕಡೆಯೂ ಕ್ರಮ ಇದೇ.

## ಹಂತ 1: ಮಗು ಏನು ಹೇಳಬೇಕು ಎಂದು ಒಂದು ವಾಕ್ಯದಲ್ಲಿ ಬರೆಯಿರಿ

ಲ್ಯಾಪ್‌ಟಾಪ್ ತೆರೆಯುವ ಮೊದಲು ಪಾಠ ಯೋಜನೆಯ ಪುಸ್ತಕದಲ್ಲಿ ಒಂದು ಸಾಲು ಬರೆಯಿರಿ: "ಪಿರಿಯಡ್ ಮುಗಿಯುವಾಗ ಪ್ರತಿ ಮಗುವೂ ತನ್ನ ದಿನಚರಿಯ ಬಗ್ಗೆ ಮೂರು ವಾಕ್ಯ ಹೇಳಬೇಕು: ಐ ಗೆಟ್ ಅಪ್ ಅಟ್ ಸಿಕ್ಸ್, ಐ ಹೆಲ್ಪ್ ಮೈ ಮದರ್, ಐ ವಾಕ್ ಟು ಸ್ಕೂಲ್." ಈ ಸಾಲಿನ ಕ್ರಿಯಾಪದ ಮಗುವಿನದ್ದಾಗಿರಬೇಕು. "ದಿನಚರಿಯ ವೀಡಿಯೊ ತೋರಿಸುವುದು" ಎಂದು ಬರೆದರೆ ಅದು ನಿಮ್ಮ ಕೆಲಸವಾಯಿತು, ಮಗುವಿನ ಕಲಿಕೆ ಆಗಲಿಲ್ಲ.

ಗುರಿ ಸಿಕ್ಕಿದರೆ ಸಾಧನ ತಾನಾಗಿಯೇ ಗೊತ್ತಾಗುತ್ತದೆ. ಕೇಳಿ ಅರ್ಥ ಮಾಡಿಕೊಳ್ಳುವುದಕ್ಕೆ ಸ್ಪೀಕರ್ ಮತ್ತು ಚಿಕ್ಕ ಕ್ಲಿಪ್ ಬೇಕು. ಮಾತಿಗೆ ಫೋನಿನ ರೆಕಾರ್ಡರ್, ಓದಿಗೆ ದೊಡ್ಡ ಅಕ್ಷರದ ಪಠ್ಯವಿರುವ ಪರದೆ, ಬರವಣಿಗೆಗೆ ಕ್ಯಾಮೆರಾ. ಒಂದು ಪಿರಿಯಡ್‌ಗೆ ಒಂದೇ ಸಾಧನ ಸಾಕು, ತೀರಾ ಅಗತ್ಯವಿದ್ದರೆ ಎರಡು. ವೀಡಿಯೊ, ಕ್ವಿಜ್, ಆಟ ಮೂರನ್ನೂ ತುರುಕಿದರೆ ಒಂದರಿಂದ ಇನ್ನೊಂದಕ್ಕೆ ಹೋಗುವುದರಲ್ಲೇ ಹತ್ತು ನಿಮಿಷ ಕಳೆಯುತ್ತದೆ.

## ಹಂತ 2: ಬೇಕಾದ ಸಾಮಾನು

- ತಂತಿಯಿಂದ ಜೋಡಿಸಬಹುದಾದ ಸ್ಪೀಕರ್ ಮತ್ತು 3.5 ಎಂಎಂ ಆಡಿಯೊ ಕೇಬಲ್. ಆ ಕೇಬಲ್ ಸಿಕ್ಕಿಸುವ ತೂತಿಲ್ಲದ ಫೋನಾದರೆ ಅದಕ್ಕೆ ತಕ್ಕ ಅಡಾಪ್ಟರ್
- ಪ್ರೊಜೆಕ್ಟರ್ ಅಥವಾ ಟಿವಿ, ಎಚ್‌ಡಿಎಂಐ ಕೇಬಲ್, ಉದ್ದದ ಎಕ್ಸ್‌ಟೆನ್ಶನ್ ಬೋರ್ಡ್
- ವಿಎಲ್‌ಸಿ ಪ್ಲೇಯರ್ (ಆಡಿಯೊ, ವೀಡಿಯೊ ಓಡಿಸುವ ಉಚಿತ ತಂತ್ರಾಂಶ) ಹಾಕಿರುವ ಲ್ಯಾಪ್‌ಟಾಪ್ ಅಥವಾ ಫೋನ್
- ಆ ದಿನದ ಕಡತಗಳೆಲ್ಲ ಇರುವ ಪೆನ್‌ಡ್ರೈವ್
- ಮಾತಿನ ಪೂರ್ಣ ಪಠ್ಯ ಮತ್ತು ಪ್ರಶ್ನೆಗಳು, ಕಾಗದದ ಮೇಲೆ

ಫೋನನ್ನೇ ಪ್ರೊಜೆಕ್ಟರ್‌ಗೆ ಜೋಡಿಸುವವರು ಒಂದು ವಿಷಯ ಗಮನಿಸಬೇಕು. ಟೈಪ್-ಸಿ ತೂತಿದ್ದ ಮಾತ್ರಕ್ಕೆ ಫೋನಿನಿಂದ ಚಿತ್ರ ಹೊರಬರುವುದಿಲ್ಲ. ಡಿಸ್‌ಪ್ಲೇಪೋರ್ಟ್ ಆಲ್ಟ್ ಮೋಡ್ ಎಂಬ ಸೌಲಭ್ಯ ಇರುವ ಫೋನಿನಲ್ಲಿ ಮಾತ್ರ ಟೈಪ್-ಸಿಯಿಂದ ಎಚ್‌ಡಿಎಂಐಗೆ ಹೋಗುವ ಸಾಮಾನ್ಯ ಅಡಾಪ್ಟರ್ ಕೆಲಸ ಮಾಡುತ್ತದೆ, ಮತ್ತು ಕಡಿಮೆ ಬೆಲೆಯ ಬಹಳಷ್ಟು ಫೋನುಗಳಲ್ಲಿ ಅದು ಇರುವುದಿಲ್ಲ. ಅಡಾಪ್ಟರ್ ಕೊಳ್ಳುವ ಮೊದಲು ನಿಮ್ಮ ಮಾದರಿಯ ವಿವರಪಟ್ಟಿ ನೋಡಿ. ಸೌಲಭ್ಯ ಇಲ್ಲದಿದ್ದರೆ ವೈರ್‌ಲೆಸ್ ಕಾಸ್ಟಿಂಗ್ (ತಂತಿಯಿಲ್ಲದೆ ಫೋನಿನ ಪರದೆಯನ್ನು ದೊಡ್ಡ ಪರದೆಗೆ ಕಳಿಸುವುದು) ಅಥವಾ ಲ್ಯಾಪ್‌ಟಾಪ್ ದಾರಿ.

## ಹಂತ 3: ಹಿಂದಿನ ದಿನದ ತಯಾರಿ

ಧ್ವನಿಯನ್ನು ಕೊನೆಯ ಬೆಂಚಿನಿಂದ ಪರೀಕ್ಷಿಸಿ. ಇದು ಇಡೀ ತಯಾರಿಯಲ್ಲಿ ಅತಿ ಮುಖ್ಯ, ಮತ್ತು ಹೆಚ್ಚಿನವರು ಬಿಟ್ಟುಬಿಡುವುದೂ ಇದನ್ನೇ. ಇಂಗ್ಲಿಷಿನ ವ್ಯಾಕರಣದ ಒಂದು ದೊಡ್ಡ ಭಾಗ ಪದದ ಕೊನೆಯ ಚಿಕ್ಕ ವ್ಯಂಜನದಲ್ಲಿ ಅಡಗಿದೆ. ವಾಕ್, ವಾಕ್ಸ್, ವಾಕ್ಡ್ ಇವುಗಳ ವ್ಯತ್ಯಾಸವೆಲ್ಲ ಕೊನೆಯ ಒಂದೆರಡು ಸದ್ದಿನಲ್ಲಿದೆ. ಎಸ್, ಎಫ್, ಟಿ ಸದ್ದುಗಳು ಎತ್ತರದ ಕಂಪನದವು, ಶಕ್ತಿ ಕಡಿಮೆ. ಗುಡುಗುವ ಬೇಸ್ ಇರುವ ಸ್ಪೀಕರ್‌ನಲ್ಲಿ ಮೊದಲು ಮುಳುಗುವುದು ಇವೇ. ಮಕ್ಕಳಿಗೆ ಕೇಳಿಸದ ಎಸ್ ಅನ್ನು ಅವರು ಬರೆಯಲಿ ಎಂದು ನಿರೀಕ್ಷಿಸುವುದು ಅನ್ಯಾಯ.

ಆದ್ದರಿಂದ ಬೇಸ್ (ತಗ್ಗಿನ ಸದ್ದು) ಕಡಿಮೆ ಮಾಡಿ, ಟ್ರೆಬಲ್ (ಎತ್ತರದ ಸದ್ದು) ಸ್ವಲ್ಪ ಏರಿಸಿ. ಸ್ಪೀಕರನ್ನು ನೆಲದ ಮೇಲಿಡದೆ ಮಕ್ಕಳ ಕಿವಿಯ ಮಟ್ಟಕ್ಕೆ ಎತ್ತಿಡಿ. ಒಂದೇ ಚಿಕ್ಕ ಸ್ಪೀಕರ್ ಇದ್ದರೆ ಮುಂದಿನ ಮೇಜಿನಿಂದ ತರಗತಿಯ ಮಧ್ಯಕ್ಕೆ ತನ್ನಿ. ಕೇಳುವ ಹೊತ್ತಿನಲ್ಲಿ ಫ್ಯಾನ್ ಆರಿಸಿ. ಆಮೇಲೆ ಕೊನೆಯ ಬೆಂಚಿನಲ್ಲಿ ಕುಳಿತು ಒಂದು ವಾಕ್ಯ ಕೇಳಿ: ಪದದ ಕೊನೆಯ ಸದ್ದು ಸ್ಪಷ್ಟವಿದೆಯೇ?

ಬ್ಲೂಟೂತ್ ಸ್ಪೀಕರ್‌ನಲ್ಲಿ ಇನ್ನೊಂದು ತೊಂದರೆಯಿದೆ. ಸ್ವಲ್ಪ ಹೊತ್ತು ಸದ್ದಿಲ್ಲದಿದ್ದರೆ ಹಲವು ಸ್ಪೀಕರ್‌ಗಳು ನಿದ್ರಾವಸ್ಥೆಗೆ ಜಾರುತ್ತವೆ, ಮತ್ತೆ ಪ್ಲೇ ಒತ್ತಿದಾಗ ಮೊದಲ ಅರ್ಧ ಸೆಕೆಂಡು ನುಂಗಿಹೋಗುತ್ತದೆ. ವಾಕ್ಯ ವಾಕ್ಯವಾಗಿ ನಿಲ್ಲಿಸಿ ಕೇಳಿಸುವ ಪಾಠದಲ್ಲಿ ಪ್ರತಿ ಸಲ ಮೊದಲ ಪದವೇ ಮಾಯ. ತಂತಿ ಸ್ಪೀಕರ್ ಎಂದು ಒತ್ತಿ ಹೇಳಿದ್ದು ಅದಕ್ಕೇ.

ಎಚ್‌ಡಿಎಂಐ ಕೇಬಲ್ ಚಿತ್ರದ ಜೊತೆ ಧ್ವನಿಯನ್ನೂ ಒಯ್ಯುತ್ತದೆ. ಹಾಗಾಗಿ ಕೇಬಲ್ ಹಾಕಿದ ಕೂಡಲೇ ಲ್ಯಾಪ್‌ಟಾಪಿನ ಧ್ವನಿ ಪ್ರೊಜೆಕ್ಟರಿನ ಒಳಗಿನ ಪುಟ್ಟ ಸ್ಪೀಕರ್‌ಗೆ ಹೊರಳಬಹುದು. "ಸ್ಪೀಕರ್ ಕೆಟ್ಟಿದೆ" ಎಂದು ಕೈಬಿಟ್ಟ ಎಷ್ಟೋ ಪಾಠಗಳಲ್ಲಿ ಆದದ್ದು ಇಷ್ಟೇ. ವಿಂಡೋಸ್‌ನಲ್ಲಿ ಕೆಳಗಿನ ಪಟ್ಟಿಯ ಧ್ವನಿಯ ಗುರುತನ್ನು ಒತ್ತಿ, ಔಟ್‌ಪುಟ್ ಸಾಧನವನ್ನು ಮತ್ತೆ ಸ್ಪೀಕರ್‌ಗೆ ಬದಲಿಸಿ.

ಚಿತ್ರ. ವಿಂಡೋಸ್ ಕೀ ಮತ್ತು ಪಿ ಒಟ್ಟಿಗೆ ಒತ್ತಿ, ಎಕ್ಸ್‌ಟೆಂಡ್ ಆರಿಸಿಕೊಳ್ಳಿ. ಆಗ ನೀವು ಕಡತ ಹುಡುಕುವುದು, ಪಾಸ್‌ವರ್ಡ್ ಹೊಡೆಯುವುದು ಮಕ್ಕಳಿಗೆ ಕಾಣಿಸುವುದಿಲ್ಲ. ಫೋನಾದರೆ ಡು ನಾಟ್ ಡಿಸ್ಟರ್ಬ್ ಹಾಕಿ. ಖಾಸಗಿ ಸಂದೇಶ ಇಡೀ ತರಗತಿಯ ಮುಂದೆ ಬೆಳಗಬಾರದು.

ಅಕ್ಷರದ ಗಾತ್ರ 28 ಪಾಯಿಂಟ್‌ಗಿಂತ ಕೆಳಗಿಳಿಸಬೇಡಿ, ಒಂದು ಸ್ಲೈಡಿಗೆ 8 ಸಾಲು ಮೀರಿಸಬೇಡಿ. ಬೆಳಕು ನುಗ್ಗುವ ಕೋಣೆಯಲ್ಲಿ ಬಿಳಿ ಹಿನ್ನೆಲೆಯ ಮೇಲೆ ಕಪ್ಪು ಅಕ್ಷರವೇ ನಿಲ್ಲುವುದು. ಕಡು ಹಿನ್ನೆಲೆ, ಬಣ್ಣದ ಅಕ್ಷರ ಎರಡೂ ತೊಳೆದು ಹೋಗುತ್ತವೆ.

ಇಂಟರ್ನೆಟ್ ಇಲ್ಲ ಎಂದುಕೊಂಡೇ ಸಿದ್ಧರಾಗಿ. ಡೌನ್‌ಲೋಡ್‌ಗೆ ಅನುಮತಿ ಇರುವ ಕಡೆಯಿಂದ ಆಡಿಯೊ, ಪಠ್ಯ ಮೊದಲೇ ಇಳಿಸಿಟ್ಟುಕೊಳ್ಳಿ. ಲಿಬ್ರಿವಾಕ್ಸ್‌ನಲ್ಲಿ ಸ್ವಯಂಸೇವಕರು ಓದಿದ ಹಳೆಯ ಪುಸ್ತಕಗಳ ಆಡಿಯೊ ಇದೆ. ಸ್ಟೋರಿವೀವರ್‌ನಲ್ಲಿ ಓದಿನ ಮಟ್ಟದ ಪ್ರಕಾರ ವಿಂಗಡಿಸಿದ ಚಿತ್ರಕಥೆಗಳು ಮುಕ್ತ ಪರವಾನಗಿಯಲ್ಲಿ ಸಿಗುತ್ತವೆ. ಕಿವಿಕ್ಸ್ ಎಂಬ ತಂತ್ರಾಂಶದಿಂದ ಸರಳ ಇಂಗ್ಲಿಷಿನ ವಿಕಿಪೀಡಿಯವನ್ನು ಇಡಿಯಾಗಿ ಲ್ಯಾಪ್‌ಟಾಪಿನಲ್ಲಿಟ್ಟುಕೊಂಡು ನೆಟ್ ಇಲ್ಲದೆ ಓದಬಹುದು. ಯೂಟ್ಯೂಬನ್ನೇ ಬಳಸುವುದಾದರೆ ಆಟೊಪ್ಲೇ (ಮುಂದಿನ ವೀಡಿಯೊ ತಾನಾಗಿ ಓಡುವುದು) ನಿಲ್ಲಿಸಿ, ವೀಡಿಯೊವನ್ನು ಪೂರ್ಣ ಪರದೆಗೆ ತಂದು ನಿಲ್ಲಿಸಿದ ಮೇಲೆಯೇ ಪ್ರೊಜೆಕ್ಟರ್ ತೋರಿಸಿ. ಪಕ್ಕದ ಶಿಫಾರಸು ಚಿತ್ರಗಳು ಏನಿರುತ್ತವೆ ಎಂದು ಯಾರೂ ಹೇಳಲಾರರು.

ವಿದ್ಯುತ್ ಹೋದರೆ? ಕಾಗದದ ಪಠ್ಯ ಕೈಯಲ್ಲಿದ್ದರೆ ನೀವೇ ಓದಿ ಹೇಳಿ ಅದೇ ಪಾಠ ಮುಂದುವರಿಸಬಹುದು. ಪಠ್ಯ ಇಲ್ಲದ ಕ್ಲಿಪ್ಪನ್ನು ತರಗತಿಗೆ ಒಯ್ಯಲೇಬೇಡಿ.

## ಹಂತ 4: ಆಲಿಸುವ ಪಾಠ

ಒಂದೇ ಸಾಧನ ಆರಿಸಬೇಕೆಂದರೆ ಸ್ಪೀಕರನ್ನೇ ಆರಿಸಿ. ಬೋರ್ಡು ಮತ್ತು ಪುಸ್ತಕ ಕೊಡಲಾಗದ್ದನ್ನು ಕೊಡುವುದು ಅದೇ: ಶಿಕ್ಷಕರದ್ದಲ್ಲದ ಬೇರೆ ಬೇರೆ ಧ್ವನಿಗಳ ಇಂಗ್ಲಿಷ್.

ಕ್ಲಿಪ್ಪಿನ ಆಯ್ಕೆ. 60ರಿಂದ 90 ಸೆಕೆಂಡು, ಅದಕ್ಕಿಂತ ಉದ್ದ ಬೇಡ. 90 ಸೆಕೆಂಡಿನ ಸಹಜ ಮಾತಿನಲ್ಲಿ ಸುಮಾರು 200 ಪದಗಳಿರುತ್ತವೆ. ಒಂದು ಪಿರಿಯಡ್‌ಗೆ ಅದು ಧಾರಾಳ. ಒಬ್ಬರು ಅಥವಾ ಇಬ್ಬರ ಮಾತು ಇರಲಿ, ಹಿನ್ನೆಲೆ ಸಂಗೀತ ಇರಬಾರದು. ಪಠ್ಯದಲ್ಲಿ ನಿಮ್ಮ ಮಕ್ಕಳಿಗೆ ತಿಳಿಯದ ಪದಗಳಿಗೆ ಗೆರೆ ಎಳೆಯಿರಿ. ಐದಕ್ಕಿಂತ ಹೆಚ್ಚಾದರೆ ಆ ಕ್ಲಿಪ್ ಬದಿಗಿಟ್ಟು ಬೇರೆ ಹುಡುಕಿ. ವಿಷಯ ಎಷ್ಟೇ ಚೆನ್ನಾಗಿರಲಿ, ಹತ್ತು ಹೊಸ ಪದಗಳನ್ನು ವಿವರಿಸುತ್ತ ಕೂತರೆ ಅದು ಶಬ್ದಾರ್ಥದ ಪಾಠವಾಗುತ್ತದೆ.

ಮೊದಲ ಸಲ: ಪ್ರಶ್ನೆ ಮುಂದೆ, ಧ್ವನಿ ಹಿಂದೆ. ಗೆರೆ ಎಳೆದ ಪದಗಳನ್ನು ಬೋರ್ಡಿನಲ್ಲಿ ಬರೆದು ಅರ್ಥ ತಿಳಿಸಿ. ನಂತರ ಒಂದೇ ಒಂದು ಪ್ರಶ್ನೆ ಕೊಡಿ: ಯಾರು ಮಾತಾಡುತ್ತಿದ್ದಾರೆ? ಅಥವಾ ಎಲ್ಲಿದ್ದಾರೆ? ಪರದೆ ಕಪ್ಪಾಗಿರಲಿ, ಧ್ವನಿ ಮಾತ್ರ ಇರಲಿ. ಚಿತ್ರವಿದ್ದರೆ ಮಕ್ಕಳು ಚಿತ್ರದಿಂದಲೇ ಕಥೆ ಊಹಿಸುತ್ತಾರೆ, ಕಿವಿಗೆ ಕೆಲಸವೇ ಇರುವುದಿಲ್ಲ. ಕ್ಲಿಪ್ ಮುಗಿದ ಮೇಲೆ ಕೈ ಎತ್ತಿಸಬೇಡಿ. ಪಕ್ಕದವರ ಜೊತೆ ಒಂದು ನಿಮಿಷ ಮಾತಾಡಲು ಬಿಡಿ. ಕೈ ಎತ್ತುವುದು ಯಾವಾಗಲೂ ಅದೇ ಐದು ಮಕ್ಕಳು.

ಎರಡನೆಯ ಸಲ: ವಿವರ. ನಾಲ್ಕು ಪ್ರಶ್ನೆಗಳು, ಒಂದೊಂದಕ್ಕೂ ಒಂದು ಅಥವಾ ಎರಡು ಪದದ ಉತ್ತರ. ಕೇಳುವಾಗ ಪೆನ್ಸಿಲ್ ಕೆಳಗಿರಲಿ, ಕ್ಲಿಪ್ ನಿಂತ ಮೇಲೆ ಬರೆಯಲಿ. ಬರೆಯುತ್ತ ಕೇಳುವ ಮಗು ಎರಡನ್ನೂ ಕಳೆದುಕೊಳ್ಳುತ್ತದೆ.

ಮೂರನೆಯ ಸಲ: ವಾಕ್ಯ ವಾಕ್ಯವಾಗಿ. ಗುರಿಯ ವಾಕ್ಯಗಳಿರುವ 15–20 ಸೆಕೆಂಡಿನ ಭಾಗ ಮಾತ್ರ ತೆಗೆದುಕೊಳ್ಳಿ. ವಿಎಲ್‌ಸಿಯ ವ್ಯೂ ಮೆನುವಿನಲ್ಲಿ ಅಡ್ವಾನ್ಸ್‌ಡ್ ಕಂಟ್ರೋಲ್ಸ್ ತೆರೆದರೆ ಎ–ಬಿ ಗುಂಡಿ ಸಿಗುತ್ತದೆ. ಭಾಗದ ಶುರುವಿಗೆ ಒಮ್ಮೆ, ಕೊನೆಗೆ ಒಮ್ಮೆ ಒತ್ತಿದರೆ ಅಷ್ಟೇ ತುಣುಕು ಮತ್ತೆ ಮತ್ತೆ ಕೇಳಿಸುತ್ತದೆ. ಪ್ರತಿ ವಾಕ್ಯದ ನಂತರ ನಿಲ್ಲಿಸಿ, ಮೊದಲು ಸಾಲು ಸಾಲಾಗಿ, ಆಮೇಲೆ ಒಬ್ಬೊಬ್ಬರಾಗಿ ಹೇಳಿಸಿ.

ವೇಗ ಇಳಿಸುವ ಆಸೆ ಇಲ್ಲಿ ಎಲ್ಲರಿಗೂ ಬರುತ್ತದೆ. ಮೂಲ ವೇಗದ 0.75ರ ವರೆಗೆ ಸರಿ. ಅದಕ್ಕಿಂತ ಇಳಿಸಿದರೆ ಪದಗಳು ಎಳೆದಾಡುತ್ತವೆ, ಒತ್ತು ಮತ್ತು ಲಯ ಕೆಡುತ್ತವೆ, ಮಕ್ಕಳು ಆ ಕೆಟ್ಟ ಲಯವನ್ನೇ ಕಲಿಯುತ್ತಾರೆ. ಮಾತು ಅದೇ ವೇಗದಲ್ಲಿರಲಿ, ವಾಕ್ಯಗಳ ನಡುವಿನ ಬಿಡುವನ್ನು ಹೆಚ್ಚಿಸಿ. ಮಕ್ಕಳಿಗೆ ಬೇಕಾಗಿರುವುದು ಯೋಚಿಸುವ ಸಮಯ.

ನಾಲ್ಕನೆಯ ಸಲ: ಪಠ್ಯದ ಜೊತೆ. ಈಗ ಮಾತ್ರ ಇಂಗ್ಲಿಷ್ ಸಬ್‌ಟೈಟಲ್ ಅಥವಾ ಪಠ್ಯ ತೋರಿಸಿ. "ಓ, ಅದು ಹೀಗಾ!" ಎಂಬ ಉದ್ಗಾರ ಬರುವುದು ಇಲ್ಲಿ, ಕಿವಿ ಮತ್ತು ಸ್ಪೆಲ್ಲಿಂಗ್ ಕೂಡುವ ಕ್ಷಣ ಇದು. ಮೊದಲ ಸಲವೇ ಸಬ್‌ಟೈಟಲ್ ಹಾಕಿದರೆ ಆಲಿಸುವ ಪಾಠ ಓದುವ ಪಾಠವಾಗುತ್ತದೆ. ಕನ್ನಡ ಸಬ್‌ಟೈಟಲ್ ಹಾಕಿದರೆ ಇಂಗ್ಲಿಷ್ ಕೇಳುವ ಅಗತ್ಯವೇ ಉಳಿಯುವುದಿಲ್ಲ. ಯಂತ್ರ ತಾನೇ ತಯಾರಿಸಿದ ಸಬ್‌ಟೈಟಲ್‌ನಲ್ಲಿ ಹೆಸರುಗಳೂ ವಿರಾಮ ಚಿಹ್ನೆಗಳೂ ಆಗಾಗ ತಪ್ಪಿರುತ್ತವೆ, ಹಿಂದಿನ ದಿನವೇ ಓದಿ ನೋಡಿ.

ಕೊನೆಗೆ ಪರದೆ ಆರಿಸಿ. ಪವರ್‌ಪಾಯಿಂಟ್ ಸ್ಲೈಡ್ ಶೋ ನಡೆಯುವಾಗ ಬಿ ಕೀ ಒತ್ತಿದರೆ ಪರದೆ ಕಪ್ಪಾಗುತ್ತದೆ, ಮತ್ತೆ ಒತ್ತಿದರೆ ಮರಳುತ್ತದೆ. ಹೆಚ್ಚಿನ ಪ್ರೊಜೆಕ್ಟರುಗಳ ರಿಮೋಟ್‌ನಲ್ಲೂ ಇಂಥ ಗುಂಡಿ ಇದೆ. ಬೆಳಗುವ ಪರದೆ ಎದುರಿಗಿದ್ದರೆ ಮಕ್ಕಳು ಒಬ್ಬರ ಮುಖ ಒಬ್ಬರು ನೋಡುವುದಿಲ್ಲ. ಈಗ ಜೋಡಿಗಳಲ್ಲಿ ಮಕ್ಕಳು ತಮ್ಮದೇ ದಿನಚರಿ ಹೇಳಲಿ. ಇದಕ್ಕೆ ಕನಿಷ್ಠ 15 ನಿಮಿಷ ಬೇಕು. ಲೆಕ್ಕ ಹಾಕಿ ನೋಡಿ: ಕ್ಲಿಪ್ ಎಷ್ಟು ಸಲ ಓಡಿದರೂ 8–10 ನಿಮಿಷ ಮೀರುವುದಿಲ್ಲ. ಮಿಕ್ಕ ಅರ್ಧ ಗಂಟೆ ಮಕ್ಕಳದ್ದು.

## ಹಂತ 5: ಮಾತು ಮತ್ತು ಉಚ್ಚಾರಣೆ

ಫೋನಿನಲ್ಲಿರುವ ಸಾದಾ ವಾಯ್ಸ್ ರೆಕಾರ್ಡರ್ ಸಾಕು. ಒಂದು ಪಿರಿಯಡ್‌ನಲ್ಲಿ ನಾಲ್ಕೈದು ಮಕ್ಕಳ ಮಾತು ಮಾತ್ರ, ತಲಾ 30 ಸೆಕೆಂಡು. ಸೆಕೆಂಡಿಗೆ 64 ಕಿಲೊಬಿಟ್ ಗುಣಮಟ್ಟದಲ್ಲಿ ಒಬ್ಬರ ಕಡತ ಸುಮಾರು 240 ಕೆಬಿ ಆಗುತ್ತದೆ. 40 ಮಕ್ಕಳದ್ದು ಸೇರಿದರೂ 10 ಎಂಬಿ ದಾಟುವುದಿಲ್ಲ. ಕಡತಕ್ಕೆ ಹಾಜರಿ ಸಂಖ್ಯೆ ಮತ್ತು ತಾರೀಖಿನ ಹೆಸರು ಕೊಡಿ, ಮಗುವಿನ ಹೆಸರು ಬೇಡ. ಎರಡು ತಿಂಗಳ ನಂತರ ಅದೇ ಪ್ರಶ್ನೆಗೆ ಮತ್ತೆ ರೆಕಾರ್ಡ್ ಮಾಡಿ, ಎರಡನ್ನೂ ಆ ಮಗುವಿಗೆ ಕೇಳಿಸಿ. ಅಂಕಪಟ್ಟಿ ಹೇಳಲಾರದ ಬೆಳವಣಿಗೆ ಅದರಲ್ಲಿ ಕೇಳಿಸುತ್ತದೆ.

ಒಬ್ಬ ಮಗುವಿನ ರೆಕಾರ್ಡಿಂಗನ್ನು ಇಡೀ ತರಗತಿಗೆ ಕೇಳಿಸಿ ತಪ್ಪು ತೋರಿಸಬೇಡಿ. ಆ ಮಗು ಮತ್ತೆ ಬಾಯಿ ತೆರೆಯುವುದು ಕಷ್ಟ. ಪೋಷಕರ ಒಪ್ಪಿಗೆ ಇಲ್ಲದೆ ವಾಟ್ಸ್‌ಆ್ಯಪ್ ಗುಂಪಿಗೆ ಹಾಕಲೂಬಾರದು.

ಉಚ್ಚಾರಣೆಯ ಮಾದರಿಗೆ ಕೇಂಬ್ರಿಡ್ಜ್ ಆನ್‌ಲೈನ್ ನಿಘಂಟು ಒಳ್ಳೆಯದು, ಪದದ ಬ್ರಿಟಿಷ್ ಮತ್ತು ಅಮೆರಿಕನ್ ರೂಪ ಎರಡೂ ಕೇಳಿಸುತ್ತವೆ. ಯೂಗ್ಲಿಶ್ ಎಂಬ ತಾಣದಲ್ಲಿ ಪದ ಹಾಕಿದರೆ ನಿಜವಾದ ವೀಡಿಯೊಗಳಲ್ಲಿ ಬೇರೆ ಬೇರೆ ಜನ ಅದನ್ನು ವಾಕ್ಯದೊಳಗೆ ಹೇಗೆ ಹೇಳುತ್ತಾರೆ ಎಂದು ತಿಳಿಯುತ್ತದೆ. ಅಲ್ಲಿ ಬರುವ ವೀಡಿಯೊ ನಿಮ್ಮ ಹತೋಟಿಯಲ್ಲಿ ಇರುವುದಿಲ್ಲವಾದ್ದರಿಂದ ಅದು ಶಿಕ್ಷಕರ ತಯಾರಿಗೆ ಇರಲಿ.

ಇಂಟರ್ನೆಟ್ಟಿನ ಸಿದ್ಧ ಉಚ್ಚಾರಣಾ ಪಟ್ಟಿಗಳನ್ನು ಹಾಗೇ ಎತ್ತಿಕೊಳ್ಳಬೇಡಿ. ಶಿಪ್–ಶೀಪ್ ಅಭ್ಯಾಸ ಎಲ್ಲ ಕಡೆ ಇದೆ, ಆದರೆ ಹ್ರಸ್ವ ದೀರ್ಘ ಕನ್ನಡದಲ್ಲೇ ಇರುವುದರಿಂದ ನಮ್ಮ ಮಕ್ಕಳು ಅದರಲ್ಲಿ ಅಷ್ಟಾಗಿ ಎಡವುವುದಿಲ್ಲ. ಎಡವುವುದು ಬೇರೆ ಕಡೆ. ಮೇಲಿನ ಹಲ್ಲು ಕೆಳತುಟಿಗೆ ತಾಗಿಸಿ ಹೇಳಬೇಕಾದ ವಿ ಮತ್ತು ತುಟಿ ದುಂಡಗೆ ಮಾಡಿ ಹೇಳಬೇಕಾದ ಡಬ್ಲ್ಯು ಎರಡೂ ಒಂದೇ ಆಗಿಬಿಡುತ್ತವೆ. ಝೂ ಹೋಗಿ ಜೂ ಆಗುತ್ತದೆ, ಪೆನ್ ಮತ್ತು ಪ್ಯಾನ್ ಬೆರೆಯುತ್ತವೆ, ಎಗ್ ಮುಂದೆ ಯಕಾರ ಬರುತ್ತದೆ, ಬಸ್ ಕೊನೆಗೆ ಉಕಾರ ಅಂಟುತ್ತದೆ. ಇವುಗಳಿಂದಲೇ ನಿಮ್ಮ ಪಟ್ಟಿ ಮಾಡಿ. ತುಟಿಯ ಚಲನೆ ತೋರಿಸಲು ಫೋನಿನ ಮುಂದಿನ ಕ್ಯಾಮೆರಾವನ್ನು ಪರದೆಗೆ ಜೋಡಿಸಿ ನಿಮ್ಮ ಬಾಯಿಯನ್ನೇ ದೊಡ್ಡದಾಗಿ ತೋರಿಸಬಹುದು.

ವಾಯ್ಸ್ ಟೈಪಿಂಗ್‌ನಿಂದ ಉಚ್ಚಾರಣೆ ಪರೀಕ್ಷಿಸುವವರಿಗೆ ಒಂದು ಎಚ್ಚರಿಕೆ. ಆ ತಂತ್ರಾಂಶ ಕೇಳಿದ್ದನ್ನಷ್ಟೇ ಬರೆಯುವುದಿಲ್ಲ, ಅಕ್ಕಪಕ್ಕದ ಪದ ನೋಡಿ ಊಹಿಸುತ್ತದೆ. ವಾಕ್ಯದಲ್ಲಿ ತಪ್ಪಾಗಿ ಹೇಳಿದ ಪದವೂ ಪರದೆಯಲ್ಲಿ ಸರಿಯಾಗಿಯೇ ಮೂಡಬಹುದು. ಸದ್ದಿನ ಗದ್ದಲದಲ್ಲಿ ಸರಿಯಾಗಿ ಹೇಳಿದ್ದೂ ತಪ್ಪಾಗಬಹುದು. ಮಕ್ಕಳಿಗೆ ಉತ್ಸಾಹ ತುಂಬಲು ಬಳಸಿ. ಅಂಕ ಕೊಡಲು ಬೇಡ.

## ಹಂತ 6: ಓದು

ಇಲ್ಲಿ ಕ್ರಮ ಸ್ವಲ್ಪ ತಪ್ಪಿದರೂ ನಷ್ಟ ದೊಡ್ಡದು. ಪರದೆಯ ಪಠ್ಯವನ್ನು ಯಂತ್ರ ಮೊದಲು ಓದಿ, ಮಕ್ಕಳು ಒಕ್ಕೊರಲಿನಿಂದ ಹೇಳಿದರೆ ಓದಿದಂತೆ ಕಾಣುತ್ತದೆ, ಆದರೆ ಅವರು ಕಿವಿಯಿಂದ ನೆನಪಿಟ್ಟುಕೊಂಡು ಹೇಳುತ್ತಿರುತ್ತಾರೆ. ಪಠ್ಯದ ನಡುವಿನಿಂದ ಒಂದು ಪದ ತೋರಿಸಿ ಕೇಳಿ, ಗೊತ್ತಾಗುತ್ತದೆ.

1. ಪಠ್ಯ ಪರದೆಯಲ್ಲಿ, ಎರಡು ನಿಮಿಷ ಮೌನ ಓದು. ಮುಂಚೆಯೇ ಒಂದು ಪ್ರಶ್ನೆ ಕೊಟ್ಟಿರಿ.
2. ಜೋಡಿಯಲ್ಲಿ ಒಬ್ಬರಿಗೊಬ್ಬರು ಓದಿ ಹೇಳುವುದು, ತಿಳಿಯದ ಪದ ಗುರುತಿಸುವುದು.
3. ಆ ಪದಗಳ ಮೇಲೆ ಮಾತ್ರ ನಿಮ್ಮ ಕೆಲಸ.
4. ಈಗ ಆಡಿಯೊ. ಮಕ್ಕಳ ಬೆರಳು ಅಥವಾ ಕಣ್ಣು ಸಾಲಿನ ಮೇಲೆ.
5. ಪಠ್ಯದ ನಡುವಿನ ಯಾವುದೋ ಒಂದು ವಾಕ್ಯವನ್ನು ಒಂದು ಮಗುವಿನಿಂದ ಓದಿಸುವುದು.

ಮೈಕ್ರೋಸಾಫ್ಟ್ ಎಡ್ಜ್ ಮತ್ತು ವರ್ಡ್‌ನಲ್ಲಿರುವ ಇಮ್ಮರ್ಸಿವ್ ರೀಡರ್ ಇದಕ್ಕೆ ಹೇಳಿ ಮಾಡಿಸಿದ್ದು: ಅಕ್ಷರ ಹಿಗ್ಗಿಸಬಹುದು, ಪದವನ್ನು ಉಚ್ಚಾರಾಂಶಗಳಾಗಿ ಒಡೆಯಬಹುದು, ಲೈನ್ ಫೋಕಸ್‌ನಿಂದ ಒಂದು, ಮೂರು ಅಥವಾ ಐದು ಸಾಲು ಮಾತ್ರ ಬೆಳಗಿಸಬಹುದು. ಚಿಕ್ಕ ಮಕ್ಕಳಿಗೆ ಅಕ್ಷರಶೈಲಿ ಮುಖ್ಯ. ನೋಟ್ ಪುಸ್ತಕದಲ್ಲಿ ನಾವು ಬರೆಸುವ ಇಂಗ್ಲಿಷಿನ ಸ್ಮಾಲ್ ಎ ಅಕ್ಷರಕ್ಕೂ ಹೆಚ್ಚಿನ ಮುದ್ರಣ ಶೈಲಿಗಳ ಎ ಅಕ್ಷರಕ್ಕೂ ಆಕಾರವೇ ಬೇರೆ. ಓದು ಕಲಿಯುವವರಿಗೆಂದೇ ರೂಪಿಸಿದ ಆಂಡಿಕಾ ಎಂಬ ಉಚಿತ ಅಕ್ಷರಶೈಲಿಯಲ್ಲಿ ಕೈಬರಹದ ಆಕಾರವೇ ಇದೆ.

ಗೂಗಲ್‌ನ ರೀಡ್ ಅಲಾಂಗ್ ಆಪ್ ಮಗು ಗಟ್ಟಿಯಾಗಿ ಓದುವುದನ್ನು ಕೇಳಿ ತಪ್ಪಿದಲ್ಲಿ ನೆರವಾಗುತ್ತದೆ. ಇಡೀ ತರಗತಿ ಒಟ್ಟಿಗೆ ಬಳಸಿದರೆ ಮೈಕ್‌ಗೆ ಪಕ್ಕದವರ ದನಿಯೂ ಬಿದ್ದು ಎಲ್ಲ ಗೊಂದಲ. ಮೂಲೆಯಲ್ಲಿ ಒಂದು ಫೋನ್, ಸರದಿಯಂತೆ ಒಬ್ಬೊಬ್ಬರು, ತಲಾ ಐದು ನಿಮಿಷ. ಉಳಿದವರಿಗೆ ಬೇರೆ ಕೆಲಸ.

## ಹಂತ 7: ಬರವಣಿಗೆಗೆ ಕ್ಯಾಮೆರಾ

ಪುಸ್ತಕಗಳ ರಾಶಿಯ ತುದಿಯಲ್ಲಿ ಫೋನನ್ನು ಹೊರಚಾಚಿ, ಕ್ಯಾಮೆರಾ ಕೆಳಮುಖವಾಗಿ, ನೋಟ್ ಪುಸ್ತಕದಿಂದ ಸುಮಾರು 30 ಸೆಂ.ಮೀ. ಎತ್ತರದಲ್ಲಿಡಿ. ಜಾರದಂತೆ ಮೇಲೊಂದು ಭಾರವಾದ ಪುಸ್ತಕ ಇರಲಿ. ಫೋನಿನ ಪರದೆಯನ್ನು ಪ್ರೊಜೆಕ್ಟರಿಗೆ ಕಾಸ್ಟ್ ಮಾಡಿದರೆ ಮಗುವಿನ ಕೈಬರಹ ಇಡೀ ತರಗತಿಗೆ ಕಾಣುತ್ತದೆ. ಬೆಳಕು ಪಕ್ಕದಿಂದ ಬರಲಿ, ಇಲ್ಲವಾದರೆ ಫೋನಿನ ನೆರಳೇ ಪುಟದ ಮೇಲೆ ಬೀಳುತ್ತದೆ. ಇಷ್ಟು ಸುಲಭದ, ಇಷ್ಟು ಫಲ ಕೊಡುವ ಉಪಾಯ ಇನ್ನೊಂದಿಲ್ಲ. ಆದರೂ ಬಳಸುವವರು ಕಡಿಮೆ.

ಹೆಸರು ಮುಚ್ಚಿ, ಮೂರು ಪುಟ ಆರಿಸಿ: ಒಂದು ಚೆನ್ನಾಗಿ ಬರೆದದ್ದು, ಎರಡು ಒಂದೇ ಬಗೆಯ ತಪ್ಪು ಇರುವವು. ಒಂದು ದಿನಕ್ಕೆ ಒಂದೇ ಬಗೆಯ ತಪ್ಪು ತಿದ್ದಿಸಿ. ಇವತ್ತು ಭೂತಕಾಲವಾದರೆ ಸ್ಪೆಲ್ಲಿಂಗ್ ತಪ್ಪನ್ನು ನೋಡಿಯೂ ಬಿಡಿ. ತಿದ್ದುವುದು ಮಕ್ಕಳು, ನೀವು ಕೇಳುವುದು "ಇಲ್ಲಿ ಏನು ಬದಲಿಸೋಣ?" ಎಂದಷ್ಟೇ. ಮಕ್ಕಳ ವಾಕ್ಯಗಳನ್ನು ಲ್ಯಾಪ್‌ಟಾಪಿನಲ್ಲಿ ಟೈಪ್ ಮಾಡಿ ತೋರಿಸುವುದಾದರೆ ಆಟೊಕರೆಕ್ಟ್ ಮತ್ತು ಕೆಂಪು ಗೆರೆ ಎರಡನ್ನೂ ನಿಲ್ಲಿಸಿ. ಇಲ್ಲದಿದ್ದರೆ ತಪ್ಪು ಹುಡುಕುವ ಕೆಲಸವನ್ನು ಯಂತ್ರ ಮಾಡಿಬಿಡುತ್ತದೆ.

## ಹಂತ 8: ಕ್ವಿಜ್, ಆದರೆ ಓಟದ ಸ್ಪರ್ಧೆ ಬೇಡ

ಮಕ್ಕಳ ಬಳಿ ಫೋನ್ ಇಲ್ಲದಿದ್ದರೆ ಪ್ಲಿಕರ್ಸ್ ಎಂಬ ಕ್ವಿಜ್ ಆಪ್ ಬಳಸಿ. ಪ್ರತಿ ಮಗುವಿಗೂ ಒಂದು ಮುದ್ರಿತ ಕಾರ್ಡು. ಹಿಡಿಯುವ ದಿಕ್ಕಿನಿಂದ ಎ, ಬಿ, ಸಿ, ಡಿ ಉತ್ತರ. ಶಿಕ್ಷಕರ ಫೋನಿನ ಕ್ಯಾಮೆರಾ ಎಲ್ಲ ಕಾರ್ಡುಗಳನ್ನೂ ಓದುತ್ತದೆ. ಸಾಮಾನ್ಯ ಸೆಟ್‌ನಲ್ಲಿ 40 ಕಾರ್ಡುಗಳಿವೆ. ಒಂದೊಂದರ ವಿನ್ಯಾಸವೂ ಬೇರೆಯಾಗಿರುವುದರಿಂದ ಪಕ್ಕದವರನ್ನು ನೋಡಿ ನಕಲು ಮಾಡುವುದು ಕಷ್ಟ. ಕಾರ್ಡು ಓದದಿದ್ದರೆ ಕಾರಣ ಸಾಮಾನ್ಯವಾಗಿ ಮೂರು: ಬೆರಳು ಕಪ್ಪು ಭಾಗವನ್ನು ಮುಚ್ಚಿದೆ, ಕಾಗದ ಬಾಗಿದೆ, ಅಥವಾ ಹೊಳಪಿನ ಲ್ಯಾಮಿನೇಶನ್ ಬೆಳಕನ್ನು ಹೊಡೆಯುತ್ತಿದೆ. ದಪ್ಪ ಕಾಗದಕ್ಕೆ ಮುದ್ರಿಸಿ. ಲ್ಯಾಮಿನೇಟ್ ಮಾಡಲೇಬೇಕೆಂದರೆ ಹೊಳಪಿಲ್ಲದ್ದು ಹಾಕಿಸಿ.

ಪ್ರಶ್ನೆ ಮಾಡುವಾಗ ತಪ್ಪು ಆಯ್ಕೆಗಳಿಗೂ ಅರ್ಥವಿರಲಿ. "ಶೀ ... ಟು ಸ್ಕೂಲ್ ಎವ್ರಿ ಡೇ" ಎಂಬುದಕ್ಕೆ ಗೋ, ಗೋಸ್, ಗೋಯಿಂಗ್, ಈಸ್ ಗೋ ಎಂದು ಕೊಟ್ಟರೆ ಪ್ರತಿ ತಪ್ಪು ಉತ್ತರವೂ ಮಗು ಎಲ್ಲಿ ಸಿಕ್ಕಿಕೊಂಡಿದೆ ಎಂದು ಹೇಳುತ್ತದೆ. ಮೂರರಲ್ಲಿ ಒಂದು ಪಾಲಿನಿಂದ ಎರಡು ಪಾಲಿನಷ್ಟು ಮಕ್ಕಳು ಸರಿ ಹೇಳಿದ್ದರೆ ಉತ್ತರ ಬಿಟ್ಟುಕೊಡಬೇಡಿ. ಪಕ್ಕದವರಿಗೆ ತಮ್ಮ ಕಾರಣ ವಿವರಿಸಲು ಎರಡು ನಿಮಿಷ ಕೊಟ್ಟು ಮತ್ತೆ ಕಾರ್ಡು ಎತ್ತಿಸಿ. ಅದಕ್ಕಿಂತ ಕಡಿಮೆ ಇದ್ದರೆ ಪಾಠವನ್ನೇ ಮತ್ತೆ ಮಾಡಬೇಕು.

ಕಹೂಟ್‌ನಂಥ ಆಟಗಳಲ್ಲಿ ಬೇಗ ಒತ್ತಿದವರಿಗೆ ಹೆಚ್ಚು ಅಂಕ. ಅದು ಓದದೆ ಊಹಿಸುವುದನ್ನು ಕಲಿಸುತ್ತದೆ. ಪ್ರಶ್ನೆಯ ಸಮಯವನ್ನು 60 ಸೆಕೆಂಡಿಗೆ ಏರಿಸಿ, ಅಂಕವನ್ನು ತೆಗೆದುಹಾಕಿ.

## ಹಂತ 9: ಅನುವಾದ ಮತ್ತು ಚಾಟ್‌ಬಾಟ್

ಚಾಟ್‌ಬಾಟ್ ಶಿಕ್ಷಕರ ಮೇಜಿನ ಮೇಲಿರಲಿ, ಮಕ್ಕಳ ಮೇಜಿನ ಮೇಲೆ ಬೇಡ. ಇಂಥ ಹಲವು ಸೇವೆಗಳು 13 ವರ್ಷದೊಳಗಿನವರಿಗೆ ಖಾತೆಯನ್ನೂ ಕೊಡುವುದಿಲ್ಲ. ನಿಮಗೆ ಬೇಕಾದ ಮಟ್ಟದ ಪಠ್ಯ ತಯಾರಿಸಲು ಅದು ನಿಜಕ್ಕೂ ಉಪಯುಕ್ತ. ಕೇಳುವಾಗ ಬಿಗಿಯಾಗಿ ಕೇಳಿ: 80 ಪದ, ವರ್ತಮಾನಕಾಲ ಮಾತ್ರ, ಒಂದು ವಾಕ್ಯಕ್ಕೆ 10 ಪದ ಮೀರಬಾರದು, ಈ ಹನ್ನೆರಡು ಪದಗಳು ಬರಲೇಬೇಕು. ಬಂದದ್ದನ್ನು ಪೂರ್ತಿ ಓದಿ. ಮಟ್ಟ ಮೀರಿದ ಪದಗಳು, ಬ್ರಿಟಿಷ್ ಮತ್ತು ಅಮೆರಿಕನ್ ಸ್ಪೆಲ್ಲಿಂಗಿನ ಬೆರಕೆ, ಎರಡು ಸರಿ ಉತ್ತರವಿರುವ ಪ್ರಶ್ನೆ: ಈ ಮೂರು ದೋಷ ಪದೇ ಪದೇ ಕಾಣುತ್ತವೆ.

ಹೋಮ್‌ವರ್ಕನ್ನು ಮಗು ಅನುವಾದ ಆಪ್‌ನಿಂದ ಮಾಡಿದೆ ಎಂಬ ಅನುಮಾನ ಬಂದರೆ ಗದರಬೇಡಿ. ಬರೆದದ್ದರಲ್ಲಿ ಒಂದು ವಾಕ್ಯವನ್ನು ಪುಸ್ತಕ ಮುಚ್ಚಿ ಹೇಳಲು ಕೇಳಿ. ಮುಂದಿನ ಸಲ ಬರವಣಿಗೆಯ ಮೊದಲ ಕರಡನ್ನು ತರಗತಿಯಲ್ಲೇ ಮಾಡಿಸಿ.

## ಎಚ್ಚರಿಕೆಯ ಚಿಹ್ನೆಗಳು

ಪಿರಿಯಡ್ ಶುರುವಾಗಿ ಐದು ನಿಮಿಷವಾದರೂ ಯಂತ್ರ ಸಿದ್ಧವಿಲ್ಲ. ಅಲ್ಲಿಗೆ ಬಿಡಿ, ಕಾಗದದ ಪಠ್ಯ ತೆಗೆಯಿರಿ. ಕೇಬಲ್ ಜೊತೆಗಿನ ಹೋರಾಟ ನೋಡುತ್ತ ಕುಳಿತ ತರಗತಿಯನ್ನು ಮತ್ತೆ ಹತೋಟಿಗೆ ತರುವುದು ಕಷ್ಟ.

ಮಕ್ಕಳು ನಗುತ್ತಿದ್ದಾರೆ, ಆದರೆ ಕನ್ನಡದಲ್ಲಿ ಮಾತ್ರ ಮಾತಾಡುತ್ತಿದ್ದಾರೆ. ಸಾಧನ ಮನರಂಜನೆ ಕೊಡುತ್ತಿದೆ, ಮಕ್ಕಳಿಂದ ಇಂಗ್ಲಿಷ್ ಮಾತನ್ನು ಬೇಡುತ್ತಿಲ್ಲ. ಕನ್ನಡದಲ್ಲಿ ಚರ್ಚೆ ನಡೆದರೆ ತಪ್ಪೇನಿಲ್ಲ, ಕೊನೆಯಲ್ಲಿ ಇಂಗ್ಲಿಷ್ ವಾಕ್ಯ ಹೊರಬರಬೇಕು ಎಂಬ ಷರತ್ತು ಮಾತ್ರ ಇರಲಿ. ವಾಕ್ಯದ ಚೌಕಟ್ಟನ್ನು ಬೋರ್ಡಿನಲ್ಲಿ ಬರೆದಿಡಿ.

ಒಂದೇ ಗುಂಪಿನ ಮಕ್ಕಳ ಕೈಯಲ್ಲಿ ಫೋನ್. ಟೈಪ್ ಮಾಡುವವರು, ಓದುವವರು, ಹೇಳುವವರು ಎಂದು ಪಾತ್ರ ಹಂಚಿ, ಐದು ನಿಮಿಷಕ್ಕೊಮ್ಮೆ ಬದಲಿಸಿ. ಇಲ್ಲವಾದರೆ ಮನೆಯಲ್ಲಿ ಫೋನ್ ಇರುವ ಮಗುವೇ ಶಾಲೆಯಲ್ಲೂ ಫೋನ್ ಹಿಡಿಯುತ್ತದೆ.

ಕ್ವಿಜ್‌ನಲ್ಲಿ ಎಲ್ಲರೂ ಸರಿ, ಮಾತಿನಲ್ಲಿ ಯಾರೂ ಇಲ್ಲ. ಉತ್ತರ ಆರಿಸುವುದು ಬೇರೆ, ವಾಕ್ಯ ಕಟ್ಟುವುದು ಬೇರೆ. ಎರಡು ವಾರ ಕ್ವಿಜ್ ನಿಲ್ಲಿಸಿ, ಆ ಸಮಯವನ್ನು ಜೋಡಿ ಮಾತಿಗೆ ಮತ್ತು ರೆಕಾರ್ಡಿಂಗಿಗೆ ಕೊಡಿ.

ದೀಪವಿರುವ ಹಳೆಯ ಪ್ರೊಜೆಕ್ಟರಿನ ಚಿತ್ರ ಮಂಕಾಗುತ್ತಿದೆ, ಅಥವಾ ತಾನಾಗಿ ಆರುತ್ತಿದೆ. ಗಾಳಿಯ ಜಾಲರಿಗೆ ದೂಳು ಕಟ್ಟಿರಬಹುದು, ತೆಗೆದು ಸ್ವಚ್ಛ ಮಾಡಿ. ಪಾಠ ಮುಗಿದಾಗ ಪವರ್ ಗುಂಡಿಯಿಂದ ಆರಿಸಿ, ಒಳಗಿನ ಫ್ಯಾನ್ ತಾನಾಗಿ ನಿಲ್ಲುವ ತನಕ ಪ್ಲಗ್ ಕೀಳಬೇಡಿ. ಬಿಸಿ ದೀಪ ತಣಿಯುವ ಮೊದಲೇ ವಿದ್ಯುತ್ ಕಡಿದರೆ ಅದರ ಆಯುಸ್ಸು ಕುಗ್ಗುತ್ತದೆ. ಮುಂದಿನ ಪಿರಿಯಡ್‌ನ ಗಂಟೆ ಹೊಡೆದ ಅವಸರದಲ್ಲಿ ಇದು ಮರೆಯುತ್ತದೆ, ಹಾಗಾಗಿ ಪರದೆಯ ಕೆಲಸವನ್ನು ಪಿರಿಯಡ್‌ನ ಮೊದಲ ಅರ್ಧದಲ್ಲೇ ಮುಗಿಸಿ, ಮಕ್ಕಳು ಮಾತಾಡುತ್ತಿರುವಾಗ ಪ್ರೊಜೆಕ್ಟರ್ ಆರಿಸಿಬಿಡಿ.